ಶಾರ್ಟ್ ಹುಡುಕುವ ಬಲ್ಬು: ಲಾರಿ ವೈರಿಂಗಿನ ನೂರು ವರ್ಷ

ನವಿ ಮುಂಬೈಯವರಾದರೆ ಕಲಂಬೋಲಿಯ ಟ್ರಕ್ ಟರ್ಮಿನಲ್ಲಿಗೆ ಹೋಗಿ ನೋಡಿ. ದೆಹಲಿಯವರಾದರೆ ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರ, ಹೈದರಾಬಾದಿನವರಾದರೆ ಆಟೋನಗರ, ಪುಣೆಯವರಾದರೆ ನಿಗಡಿ. ಊರು ಯಾವುದೇ ಆಗಲಿ, ಒಂದು ಬಗೆಯ ಅಂಗಡಿ ಎಲ್ಲ ಕಡೆ ಕಣ್ಣಿಗೆ ಬೀಳುತ್ತದೆ. ಬೋರ್ಡಿನ ಮೇಲೆ ಆಟೋ ಇಲೆಕ್ಟ್ರಿಕ್ ವರ್ಕ್ಸ್ ಅಂತ ಬರೆದಿರುತ್ತದೆ. ಬಾಗಿಲಲ್ಲಿ ಬಿಚ್ಚಿಟ್ಟ ಸೆಲ್ಫ್ ಮೋಟರುಗಳು, ಗೋಡೆಯಲ್ಲಿ ಬಣ್ಣಬಣ್ಣದ ವೈರಿನ ಸುರುಳಿಗಳು, ಮೂಲೆಯಲ್ಲಿ ಚಾರ್ಜಿಗೆ ಇಟ್ಟ ಬ್ಯಾಟರಿಗಳು. ಒಳಗೆ ಒಬ್ಬ ಉಸ್ತಾದ್, ಜೊತೆಗೆ ಒಬ್ಬಿಬ್ಬರು ಹುಡುಗರು.

ಈ ಉಸ್ತಾದರ ಬಗ್ಗೆ ಚರಿತ್ರೆಯ ಪುಸ್ತಕದಲ್ಲಿ ಏನೂ ಇಲ್ಲ. ಲಾರಿ ಮಾಡಿದ ಕಂಪನಿಗಳ ಚರಿತ್ರೆ ಇದೆ, ಹೆದ್ದಾರಿಗಳ ಚರಿತ್ರೆ ಇದೆ. ಕೆಟ್ಟು ನಿಂತ ಲಾರಿಯನ್ನು ಮತ್ತೆ ಎಬ್ಬಿಸಿದವರ ಚರಿತ್ರೆ ಎಲ್ಲೂ ಬರೆದಿಟ್ಟಿಲ್ಲ. ಆದರೆ ಅವರು ಮಾಡುವ ಕೆಲಸದಲ್ಲೇ ಅದು ಅಡಗಿದೆ ಅಂತ ನನಗನ್ನಿಸುತ್ತದೆ. ಹಾಗಾಗಿ ಇಲ್ಲಿ ಒಂದೇ ಒಂದು ಕೆಲಸವನ್ನು ಹಿಡಿದು ಹಿಂದಕ್ಕೆ ಹೋಗೋಣ. ರಾತ್ರಿ ಎಲ್ಲೋ ವೈರ್ ಶಾರ್ಟ್ ಆಗಿದೆ, ಸುಟ್ಟ ವಾಸನೆ ಬಂದಿದೆ, ಲೈಟುಗಳು ಆರಿವೆ. ಬೆಳಿಗ್ಗೆ ಕೀ ತಿರುಗಿಸಿದರೆ ಲಾರಿ ಸ್ಟಾರ್ಟ್ ಆಗುತ್ತಿಲ್ಲ. ಈಗ ಏನು ಮಾಡೋದು? ಈ ಪ್ರಶ್ನೆಗೆ 1930ರಲ್ಲಿ ಇದ್ದ ಉತ್ತರ ಒಂದು, 1970ರಲ್ಲಿ ಇನ್ನೊಂದು, ಇವತ್ತಿನದು ಮತ್ತೊಂದು.

ಮೊದಲು ಶಾರ್ಟ್ ಅಂದರೆ ಏನು ಅಂತ ತಿಳಿದುಕೊಳ್ಳಿ. ಮನೆಯ ಬಲ್ಬಿಗೆ ಎರಡು ವೈರ್ ಬೇಕು, ಕರೆಂಟು ಹೋಗಲು ಒಂದು, ವಾಪಸ್ ಬರಲು ಒಂದು. ಲಾರಿಯ ಹೆಡ್‌ಲೈಟಿಗೆ ಬ್ಯಾಟರಿಯ ಪ್ಲಸ್‌ನಿಂದ ಬರುವುದು ಒಂದೇ ವೈರ್. ವಾಪಸ್ ಹೋಗುವ ದಾರಿ ಲಾರಿಯ ಕಬ್ಬಿಣವೇ, ಅಂದರೆ ಚಾಸಿ. ಇದನ್ನೇ ಗ್ಯಾರೇಜಿನಲ್ಲಿ ಬಾಡಿ ಅರ್ಥ್ ಅನ್ನುತ್ತಾರೆ. ಮೋಟಾರು ವಾಹನಗಳ ಆರಂಭದ ಕಾಲದಲ್ಲೇ ತಾಮ್ರ ಉಳಿಸಲು ಕಂಡುಕೊಂಡ ಉಪಾಯ ಇದು. ಅರ್ಧ ವೈರ್ ಉಳಿಯಿತು, ಆದರೆ ಒಂದು ಅಪಾಯ ಶಾಶ್ವತವಾಗಿ ಬಂದು ಕೂತಿತು. ಲಾರಿಯ ಪ್ರತಿಯೊಂದು ಕಬ್ಬಿಣದ ತುಂಡೂ ಎರಡನೇ ವೈರೇ ಆಯಿತು. ಪ್ಲಸ್ ವೈರಿನ ಹೊದಿಕೆ ಎಲ್ಲಾದರೂ ಒಂದು ಬೆರಳಗಲ ಸವೆದು ಚಾಸಿಗೆ ತಾಗಿತೋ, ಮುಗಿಯಿತು. ಕರೆಂಟಿಗೆ ಬಲ್ಬಿನ ತನಕ ಹೋಗುವ ಕೆಲಸವೇ ಇಲ್ಲ, ನೇರ ಮನೆಗೆ ವಾಪಸ್. ಲಾರಿಯ ಬ್ಯಾಟರಿ ನೂರಾರು ಆಂಪಿಯರ್ ಕೊಡಬಲ್ಲದು. ಅಷ್ಟು ಕರೆಂಟು ಹರಿದಾಗ ಸಣ್ಣ ವೈರ್ ಕೆಲವೇ ಕ್ಷಣಗಳಲ್ಲಿ ಕೆಂಡವಾಗುತ್ತದೆ. ಅದರ ಪಕ್ಕದಲ್ಲಿ ಒಂದೇ ಕಟ್ಟಿನಲ್ಲಿ ಓಡುವ ನಾಲ್ಕು ವೈರುಗಳ ಹೊದಿಕೆಯೂ ಕರಗಿ ಒಂದಕ್ಕೊಂದು ಅಂಟುತ್ತದೆ.

ಈಗ ಹಿಂದಕ್ಕೆ ಹೋಗೋಣ. 1926ರಲ್ಲಿ ಫೋರ್ಡ್ ಭಾರತದಲ್ಲಿ ಕಂಪನಿ ತೆರೆಯಿತು. 1928ರಲ್ಲಿ ಜನರಲ್ ಮೋಟರ್ಸ್ ಮುಂಬೈಯ ಶಿವಡಿಯಲ್ಲಿ ಬಿಡಿಭಾಗ ತಂದು ಜೋಡಿಸುವ ಕಾರ್ಖಾನೆ ಹಾಕಿತು. ಆ ಕಾಲದ ಲಾರಿ ಪೆಟ್ರೋಲಿನದು. ಪೆಟ್ರೋಲ್ ಇಂಜಿನಿಗೆ ಕಿಡಿ ಬೇಕು, ಕಿಡಿಗೆ ಕರೆಂಟು ಬೇಕು. ಕೆಲವು ಹಳೇ ಗಾಡಿಗಳಲ್ಲಿ ಮ್ಯಾಗ್ನೆಟೋ ಇತ್ತು. ಬಾಷ್ ಕಂಪನಿ 1902ರಲ್ಲಿ ಹೊರತಂದ ಹೈವೋಲ್ಟೇಜ್ ಮ್ಯಾಗ್ನೆಟೋ ಬ್ಯಾಟರಿಯ ಹಂಗೇ ಇಲ್ಲದೆ ಇಂಜಿನ್ ತಿರುಗಿದ ಹಾಗೆ ತಾನೇ ಕಿಡಿ ಹುಟ್ಟಿಸುತ್ತಿತ್ತು. ಅಂಥ ಗಾಡಿಯಲ್ಲಿ ಲೈಟಿನ ವೈರ್ ಶಾರ್ಟ್ ಆದರೆ ಕತ್ತಲಾಗುತ್ತಿತ್ತು ಅಷ್ಟೆ, ಹ್ಯಾಂಡಲ್ ಹೊಡೆದರೆ ಇಂಜಿನ್ ಎದ್ದೇಳುತ್ತಿತ್ತು. ಬ್ಯಾಟರಿಯಿಂದ ಕಿಡಿ ಪಡೆಯುವ ಗಾಡಿಗಳು ಬಂದ ಮೇಲೆ ಶಾರ್ಟ್ ಅಂದರೆ ಇಂಜಿನ್ನೂ ಸತ್ತ ಹಾಗೆ.

ಹ್ಯಾಂಡಲ್ ಹೊಡೆಯೋದು ಅಂದೆನಲ್ಲ, ಆ ಕೆಲಸ ಮಾಡಿದ್ದು ಕ್ಲೀನರ್ ಹುಡುಗರು. ಇಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ತಿರುಗಿ ಬಂದು ಮಣಿಕಟ್ಟು ಮುರಿಯುತ್ತಿತ್ತು. ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಇಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಇಂಜಿನ್ ತನ್ನನ್ನು ತಾನೇ ಎಬ್ಬಿಸಿಕೊಳ್ಳುತ್ತದೆ ಅಂತ ಅದಕ್ಕೆ ಸೆಲ್ಫ್ ಸ್ಟಾರ್ಟರ್ ಅಂದರು. ನಮ್ಮ ಗ್ಯಾರೇಜುಗಳು ಸ್ಟಾರ್ಟರ್ ಅನ್ನೋದನ್ನ ಬಿಟ್ಟು ಸೆಲ್ಫ್ ಅನ್ನೋದನ್ನ ಮಾತ್ರ ಇಟ್ಟುಕೊಂಡವು. ಇವತ್ತಿಗೂ ಕನ್ನಡ, ಹಿಂದಿ, ತಮಿಳು ಯಾವ ಭಾಷೆಯ ಡ್ರೈವರನ್ನೇ ಕೇಳಿ, ‘ಸೆಲ್ಫ್ ತಗೊಳ್ತಿಲ್ಲ’ ಅಂತಲೇ ದೂರು. ಕೆಟರಿಂಗನ ಹೆಸರು ಯಾರಿಗೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಸ್ವಾತಂತ್ರ್ಯದ ಸುತ್ತಮುತ್ತ ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಾರ್ಖಾನೆ ಶುರುವಾಯಿತು. ಡಾಜ್, ಫಾರ್ಗೋ ಲಾರಿಗಳು ಅಲ್ಲಿಂದ ಬಂದವು. ಮದರಾಸಿನಲ್ಲಿ 1948ರಲ್ಲಿ ಹುಟ್ಟಿದ ಅಶೋಕ್ ಮೋಟರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. 1954ರಲ್ಲಿ ಜಮ್ಶೇದ್‌ಪುರದಲ್ಲಿ ಟಾಟಾ ಮರ್ಸಿಡಿಸ್ ಬೆಂಜ್ ಲಾರಿ ಬಂತು. ನಮ್ಮ ಬೆಂಗಳೂರಿಗೂ ಇದರಲ್ಲಿ ಪಾಲಿದೆ. 1951ರಲ್ಲಿ ಸ್ಥಾಪನೆಯಾದ ಮೈಕೋ, ಅಂದರೆ ಮೋಟರ್ ಇಂಡಸ್ಟ್ರೀಸ್ ಕಂಪನಿ, ಆಡುಗೋಡಿಯಲ್ಲಿ ಡೀಸೆಲ್ ಪಂಪು ಮತ್ತು ಸ್ಪಾರ್ಕ್ ಪ್ಲಗ್ಗು ಮಾಡಿ ದೇಶಕ್ಕೆಲ್ಲ ಕಳಿಸಿತು. ಮದರಾಸಿನ ಪಾಡಿಯಲ್ಲಿ ಲ್ಯೂಕಾಸ್ ಟಿವಿಎಸ್ 1961ರಲ್ಲಿ ಹುಟ್ಟಿ ಸೆಲ್ಫ್ ಮೋಟರು, ಡೈನಮೋಗಳನ್ನು ಮಾಡಿತು. ಮುಂಬೈಯ ಗ್ಯಾರೇಜಿನಲ್ಲಿ ನಿಂತು ‘ಮೈಕೋ ಪಂಪು’ ಅಂದರೆ ಸಾಕಿತ್ತು, ಅದು ಬೆಂಗಳೂರಿನ ಮಾಲು ಅಂತ ಯಾರಿಗೂ ಹೇಳಬೇಕಿರಲಿಲ್ಲ.

ಈ ಲಾರಿಗಳ ಜೊತೆ ಬಂದದ್ದು ಡೀಸೆಲ್. ಇಲ್ಲಿಂದ ನಮ್ಮ ಕಥೆಯ ದಿಕ್ಕೇ ಬದಲಾಗುತ್ತದೆ. ಡೀಸೆಲ್ ಇಂಜಿನಿಗೆ ಕಿಡಿ ಬೇಡ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಅದಕ್ಕೆ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಬಾಷ್ 1927ರಿಂದ ತಯಾರಿಸತೊಡಗಿದ ಸಾಲು ಪಂಪು ಪೂರ್ತಿ ಯಾಂತ್ರಿಕ, ಒಂದು ವೈರೂ ಅದಕ್ಕೆ ಬೇಕಿಲ್ಲ. ಇಂಜಿನ್ ನಿಲ್ಲಿಸಬೇಕಾದರೂ ಡ್ರೈವರ್ ಒಂದು ಕೇಬಲ್ ಎಳೆಯುತ್ತಿದ್ದ. ಇದರ ಅರ್ಥ ಏನು ಗೊತ್ತಾ? ಲಾರಿಯ ಇಡೀ ವೈರಿಂಗ್ ಸುಟ್ಟು ಬೂದಿಯಾದರೂ ಇಂಜಿನನ್ನು ಹೇಗಾದರೂ ಒಮ್ಮೆ ತಿರುಗಿಸಿದರೆ ಅದು ಓಡುತ್ತದೆ! ಇಳಿಜಾರಿನಲ್ಲಿ ಗೇರಿಗೆ ಹಾಕಿ ಬಿಟ್ಟರೆ, ಹತ್ತು ಜನ ತಳ್ಳಿದರೆ, ಇನ್ನೊಂದು ಲಾರಿಗೆ ಹಗ್ಗ ಕಟ್ಟಿ ಎಳೆಸಿದರೆ ಸ್ಟಾರ್ಟ್. ಧಕ್ಕಾ ಸ್ಟಾರ್ಟ್ ಅನ್ನೋ ಮಾತು ಭಾರತದ ಹೆದ್ದಾರಿಯಲ್ಲಿ ಬೇರು ಬಿಟ್ಟದ್ದು ಈ ಕಾರಣದಿಂದ. ಬಡದೇಶದ ಹಳೇ ಲಾರಿಗಳು ದಶಕಗಳ ಕಾಲ ಓಡಿದ್ದಕ್ಕೆ ಡೀಸೆಲ್ ಪಂಪಿನ ಈ ಹಠಮಾರಿ ಸ್ವಭಾವವೂ ಒಂದು ಕಾರಣ ಅಂತ ನನ್ನ ಎಣಿಕೆ.

ಆದರೆ ಪ್ರತಿ ಸಲ ತಳ್ಳಲು ಹತ್ತು ಜನ ಎಲ್ಲಿ ಸಿಗುತ್ತಾರೆ? ಸೆಲ್ಫ್ ಸರಿಯಾಗಲೇಬೇಕು. ಅಲ್ಲಿ ಉಸ್ತಾದ್ ಬರುತ್ತಾರೆ. ಅವರ ಮುಂದಿದ್ದ ಕಷ್ಟ ಯಾವ ಕಂಪನಿಯ ಇಂಜಿನಿಯರಿಗೂ ಇರಲಿಲ್ಲ, ಅದನ್ನು ಸ್ವಲ್ಪ ವಿವರಿಸಬೇಕು.

ನಮ್ಮ ದೇಶದಲ್ಲಿ ಲಾರಿ ಕಾರ್ಖಾನೆಯಿಂದ ಪೂರ್ತಿಯಾಗಿ ಬರುತ್ತಿರಲಿಲ್ಲ. ಚಾಸಿ, ಇಂಜಿನ್, ಮುಂದಿನ ಮೂತಿ ಮಾತ್ರ ಬರುತ್ತಿತ್ತು. ಡ್ರೈವರ್ ಅದನ್ನು ತೆರೆದ ಗಾಳಿಯಲ್ಲಿ ಓಡಿಸಿಕೊಂಡು ಬಾಡಿ ಕಟ್ಟುವವರ ಹತ್ತಿರ ತರುತ್ತಿದ್ದ. ತಮಿಳುನಾಡಿನ ನಾಮಕ್ಕಲ್ ಈ ಕೆಲಸಕ್ಕೆ ಹೆಸರಾದ ಊರು. ಮರದ ಕ್ಯಾಬಿನ್ ಕಟ್ಟಿ, ಬಣ್ಣ ಬಳಿದು, ಒಳಗೆ ಬಲ್ಬು, ಹೊರಗೆ ಸಾಲು ದೀಪ, ದೊಡ್ಡ ಹಾರ್ನು, ಫ್ಯಾನು, ಟೇಪ್ ರೆಕಾರ್ಡರು ಹಾಕುತ್ತಿದ್ದರು. ಇಷ್ಟೂ ವೈರ್ ಎಳೆದವರು ಸ್ಥಳೀಯ ಇಲೆಕ್ಟ್ರಿಷಿಯನ್ನರು. ಕಂಪನಿಯ ವೈರಿಂಗಿಗೆ ನಕ್ಷೆ ಇತ್ತು, ಇವರು ಎಳೆದದ್ದಕ್ಕೆ ಯಾವ ನಕ್ಷೆಯೂ ಇಲ್ಲ. ನೀವೇ ಯೋಚಿಸಿ, ನಾಮಕ್ಕಲ್ಲಿನಲ್ಲಿ ಯಾರೋ ಮರದ ಹಲಗೆಯ ಹಿಂದೆ ಹಾಕಿದ ವೈರ್ ಹತ್ತು ವರ್ಷ ಕಳೆದು ಕಲಂಬೋಲಿಯಲ್ಲಿ ಶಾರ್ಟ್ ಆದರೆ ಅದನ್ನು ಕಾಗದ ನೋಡಿ ಹುಡುಕಲು ಸಾಧ್ಯವೇ?

ಉಸ್ತಾದರ ಓದು ಬೇರೆ ರೀತಿಯದು. ಅವರು ಮೊದಲು ಡ್ರೈವರನ್ನು ಮಾತಾಡಿಸುತ್ತಾರೆ. ವಾಸನೆ ಎಲ್ಲಿಂದ ಬಂತು? ಮಳೆ ಇತ್ತಾ? ನಿನ್ನೆ ಯಾರಾದರೂ ಚಾಸಿಗೆ ವೆಲ್ಡಿಂಗ್ ಮಾಡಿದ್ರಾ? ಹೊಸ ಲೈಟ್ ಹಾಕಿಸಿದ್ಯಾ? ಆಮೇಲೆ ಹೆಡ್‌ಲೈಟ್ ಹಾಕಿಸಿ, ಕೀ ತಿರುಗಿಸು ಅನ್ನುತ್ತಾರೆ. ಲೈಟು ಪೂರ್ತಿ ಮಂಕಾಗಿ ‘ಟಿಕ್’ ಅಂದರೆ ಬ್ಯಾಟರಿ ಬರಿದಾಗಿದೆ, ಇಲ್ಲವೇ ದಪ್ಪ ಕೇಬಲ್ಲಿನ ತುದಿ ಕೆಟ್ಟಿದೆ. ಲೈಟು ಇದ್ದ ಹಾಗೇ ಇದ್ದು ಸದ್ದೇ ಬರದಿದ್ದರೆ ಸೆಲ್ಫಿನ ಸೊಲೆನಾಯ್ಡಿಗೆ ಕರೆಂಟು ತಲುಪುತ್ತಿಲ್ಲ. ಕೀ ಸ್ವಿಚ್ಚು ಸುಟ್ಟಿರಬಹುದು, ನಡುವಿನ ವೈರ್ ತುಂಡಾಗಿರಬಹುದು. ಲೈಟೇ ಬರದಿದ್ದರೆ ಮೇನ್ ಫ್ಯೂಸ್ ಹೋಗಿದೆ, ಅಥವಾ ಚಾಸಿಯಿಂದ ಬ್ಯಾಟರಿಗೆ ಹೋಗುವ ಅರ್ಥ್ ಪಟ್ಟಿ ಬಿಟ್ಟಿದೆ. ಒಂದು ಕೀ, ಒಂದು ಜೊತೆ ದೀಪ, ಎರಡು ಕಿವಿ, ಅಷ್ಟರಲ್ಲೇ ಕಾಯಿಲೆ ಮೂರು ಗುಂಪಾಗಿ ಒಡೆಯುತ್ತದೆ.

ಇಷ್ಟಾದ ಮೇಲೆ ನಿಜವಾದ ಹುಡುಕಾಟ. ಫ್ಯೂಸ್ ಹೋಗಿದ್ದರೆ ಹೊಸದು ಹಾಕಿದರೆ ಆಯಿತಲ್ಲ ಅಂತ ನಿಮಗನ್ನಿಸಬಹುದು. ಹಾಕಿದ ಕೂಡಲೇ ಅದೂ ಹೋಗುತ್ತದೆ, ಯಾಕೆಂದರೆ ವೈರ್ ಇನ್ನೂ ಚಾಸಿಗೆ ತಾಗಿಕೊಂಡೇ ಇದೆ. ಇಲ್ಲಿ ಅವಸರದ ಜನ ಮಾಡುವ ಕೆಟ್ಟ ಕೆಲಸ ಒಂದಿದೆ. ಫ್ಯೂಸಿನ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನೋ ತಾಮ್ರದ ತಂತಿಯನ್ನೋ ಸುತ್ತಿ ಹೊರಡುತ್ತಾರೆ. ಫ್ಯೂಸ್ ಸುಡುವ ಬದಲು ವೈರ್ ಸುಡುತ್ತದೆ, ಮರದ ಕ್ಯಾಬಿನ್ನಿಗೆ ಬೆಂಕಿ ಹತ್ತುತ್ತದೆ. ರಾತ್ರಿ ಅದರೊಳಗೆ ಕ್ಲೀನರ್ ಮಲಗಿರುತ್ತಾನೆ, ಮರೆಯಬೇಡಿ.

ಒಳ್ಳೆಯ ಉಸ್ತಾದ್ ಫ್ಯೂಸ್ ತೆಗೆದು ಅದರ ಎರಡು ಕಚ್ಚಿಗೆ ಒಂದು ಹೆಡ್‌ಲೈಟ್ ಬಲ್ಬನ್ನು ಜೋಡಿಸುತ್ತಾರೆ. ಈ ಉಪಾಯ ಎಷ್ಟು ಚೆಂದ ನೋಡಿ. 24 ವೋಲ್ಟಿನ 70 ವಾಟ್ ಬಲ್ಬು ಸುಮಾರು 3 ಆಂಪಿಯರಿಗಿಂತ ಹೆಚ್ಚು ಹರಿಯಲು ಬಿಡುವುದಿಲ್ಲ. ವೈರ್ ಎಲ್ಲಿ ತಾಗಿದ್ದರೂ ಇನ್ನು ಸುಡುವ ಭಯ ಇಲ್ಲ. ಆ ಫ್ಯೂಸಿನ ಸ್ವಿಚ್ಚುಗಳನ್ನೆಲ್ಲ ಆರಿಸಿ ಇಟ್ಟಾಗಲೂ ಬಲ್ಬು ಪೂರ್ತಿ ಉರಿಯುತ್ತಿದ್ದರೆ ಮುಂದೆ ಎಲ್ಲೋ ಶಾರ್ಟ್ ಇದೆ ಅಂತ ಅರ್ಥ. ಈಗ ಹುಡುಗ ಲಾರಿಯ ಕೆಳಗೆ ಹೋಗಿ ಒಂದೊಂದೇ ಕನೆಕ್ಷನ್ ಬಿಚ್ಚುತ್ತಾ ಬರುತ್ತಾನೆ, ವೈರಿನ ಕಟ್ಟನ್ನು ಅಲ್ಲಾಡಿಸುತ್ತಾ ಬರುತ್ತಾನೆ. ಉಸ್ತಾದ್ ಮೇಲೆ ಕೂತು ಬಲ್ಬು ನೋಡುತ್ತಾರೆ. ಹಿಂದಿನ ಲೈಟಿನ ಕವಲು ಬಿಚ್ಚಿದಾಗ ಬಲ್ಬು ಆರಿತು ಅಂದರೆ ಶಾರ್ಟ್ ಆ ಕವಲಿನಲ್ಲೇ. ಮತ್ತೆ ಅದನ್ನೇ ಅರ್ಧರ್ಧ ಮಾಡಿ ಹುಡುಕಿದರೆ ಸವೆದ ಜಾಗ ಸಿಗುತ್ತದೆ. ಹೆಚ್ಚಾಗಿ ಬಾಡಿಯ ಹಲಗೆ ಮತ್ತು ಚಾಸಿಯ ನಡುವೆ, ಕ್ಲಿಪ್ಪು ಬಿದ್ದುಹೋದ ಕಡೆ, ಇಲ್ಲವೇ ಸೈಲೆನ್ಸರಿನ ಹತ್ತಿರ. ನಕ್ಷೆ ಬೇಡ, ಇಂಗ್ಲಿಷ್ ಬೇಡ. ತರ್ಕಶಾಸ್ತ್ರದ ಪಾಠದಲ್ಲಿ ಹೇಳಿಕೊಡುವ ‘ಒಂದೊಂದಾಗಿ ತೆಗೆದು ನೋಡು’ ಅನ್ನುವ ವಿಧಾನ ಇದೇ ಅಲ್ಲವೇ?

ಇಂಗ್ಲಿಷ್ ಬೇಡ ಅಂದೆ, ಆದರೆ ಅವರಿಗೆ ಬೇರೆ ಎರಡು ಲಿಪಿ ಗೊತ್ತಿತ್ತು. ಬ್ರಿಟಿಷ್ ಪದ್ಧತಿಯಲ್ಲಿ ಬಣ್ಣವೇ ಅಕ್ಷರ: ಕಂದು ವೈರ್ ಬ್ಯಾಟರಿಯಿಂದ ನೇರ, ಬಿಳಿ ಕೀ ದಾಟಿ ಬಂದದ್ದು, ಕಪ್ಪು ಅರ್ಥ್. ಜರ್ಮನ್ ಪದ್ಧತಿಯಲ್ಲಿ ಅಂಕಿಗಳು: 30 ಅಂದರೆ ಬ್ಯಾಟರಿ, 15 ಅಂದರೆ ಕೀ, 31 ಅರ್ಥ್, 50 ಸೆಲ್ಫ್. ಇವತ್ತಿನ ರಿಲೇ ತಿರುಗಿಸಿ ನೋಡಿದರೂ ಕಾಲಿನ ಹತ್ತಿರ 30, 85, 86, 87 ಅಂತ ಕೆತ್ತಿರುತ್ತದೆ. ಶಾಲೆಗೆ ಹೋಗದ ಹುಡುಗ ಕೂಡ ಈ ಅಂಕಿಗಳನ್ನು ಬಾಯಿಪಾಠ ಒಪ್ಪಿಸುತ್ತಾನೆ.

ಇನ್ನೊಂದು ಸಂಗತಿ. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಚಾಸಿಗೆ ಜೋಡಿಸುತ್ತಿದ್ದುದು ಬ್ಯಾಟರಿಯ ಪ್ಲಸ್ ತುದಿ, ಮೈನಸ್ ಅಲ್ಲ. 1960ರ ದಶಕದಲ್ಲಿ ಇದು ತಿರುಗಿತು. ಅದೇ ಸುಮಾರಿಗೆ ಡೈನಮೋ ಹೋಗಿ ಆಲ್ಟರ್ನೇಟರ್ ಬರತೊಡಗಿತು. ಡೈನಮೋಗೆ ಬ್ಯಾಟರಿ ತಲೆಕೆಳಗಾಗಿ ಕೊಟ್ಟರೂ ಅಷ್ಟೇನೂ ಅಪಾಯವಿರಲಿಲ್ಲ, ಆಲ್ಟರ್ನೇಟರಿನ ಡಯೋಡುಗಳು ಒಂದು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಹಳೆಯ ಕೈಚಳಕ ಹೊಸ ಯಂತ್ರಕ್ಕೆ ವಿಷವಾಗಬಹುದು ಅಂತ ಗ್ಯಾರೇಜುಗಳು ಕಲಿತದ್ದು ಆಗ. ಮುಂದೆ ಬಂದದ್ದರ ಎದುರು ಅದು ಏನೂ ಅಲ್ಲ.

ಹೊಗೆಯ ನಿಯಮಗಳು ಬಿಗಿಯಾದವು. 2017ರ ಏಪ್ರಿಲ್‌ನಲ್ಲಿ ಬಿಎಸ್-4 ದೇಶಕ್ಕೆಲ್ಲ ಬಂತು, 2020ರ ಏಪ್ರಿಲ್‌ನಲ್ಲಿ ಒಂದು ಮೆಟ್ಟಿಲು ಹಾರಿ ಬಿಎಸ್-6. ನಮ್ಮ ಮಕ್ಕಳ ಶ್ವಾಸಕೋಶಕ್ಕೆ ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡೀಸೆಲನ್ನು ಅಷ್ಟು ಅಳೆದು ಚಿಮ್ಮಿಸಲು ಯಾಂತ್ರಿಕ ಪಂಪಿನ ಕೈಲಾಗದು. ಇಸಿಯು ಎನ್ನುವ ಕಂಪ್ಯೂಟರ್ ಬಂತು. ಇಂಜಿನ್ ಎಷ್ಟು ತಿರುಗಿದೆ, ಡೀಸೆಲಿನ ಒತ್ತಡ ಎಷ್ಟು ಅಂತ ಸೆನ್ಸರುಗಳು ಹೇಳಿದ ಮೇಲೆಯೇ ಅದು ಡೀಸೆಲ್ ಬಿಡುತ್ತದೆ. ಇಸಿಯುಗೆ ಕರೆಂಟು ಹೋಗದಿದ್ದರೆ ಹತ್ತಲ್ಲ, ನೂರು ಜನ ತಳ್ಳಿದರೂ ಲಾರಿ ಸ್ಟಾರ್ಟ್ ಆಗುವುದಿಲ್ಲ. ಧಕ್ಕಾ ಸ್ಟಾರ್ಟಿನ ಕಾಲ ಅಲ್ಲಿಗೆ ಮುಗಿಯಿತು.

ಹಾಗಾದರೆ ಹೊಸ ಲಾರಿಯಲ್ಲಿ ಶಾರ್ಟ್ ಆದರೆ? ಮೊದಲ ಅರ್ಧ ಹಳೆಯದೇ: ಬ್ಯಾಟರಿ, ದಪ್ಪ ಕೇಬಲ್ಲು, ಅರ್ಥ್, ಮೇನ್ ಫ್ಯೂಸ್. ಎಷ್ಟೋ ಸಲ ಕಾಯಿಲೆ ಇಲ್ಲೇ ಸಿಗುತ್ತದೆ. ಕಂಪ್ಯೂಟರ್ ಇದೆ ಅಂತ ಗಾಬರಿಯಾಗಿ ಇದನ್ನು ಬಿಟ್ಟು ಮುಂದೆ ಹೋಗುವವರೇ ಹಣ ಕಳೆದುಕೊಳ್ಳುವುದು. ಆಮೇಲೆ ಇಸಿಯುವಿನ ಫ್ಯೂಸು, ರಿಲೇ. ಅದೂ ಸರಿ ಇದ್ದರೆ ಸೆನ್ಸರುಗಳು. ಇವುಗಳಿಗೆ ಇಸಿಯು 5 ವೋಲ್ಟ್ ಕೊಡುತ್ತದೆ, ಹಲವು ಸೆನ್ಸರುಗಳಿಗೆ ಒಂದೇ ಸಾಲಿನಿಂದ. ಅದರಲ್ಲಿ ಒಂದರ ವೈರ್ ಚಾಸಿಗೆ ತಾಗಿದರೂ ಇಡೀ ಸಾಲಿನ 5 ವೋಲ್ಟ್ ಬಿದ್ದುಹೋಗುತ್ತದೆ. ಸೆಲ್ಫ್ ಗರಗರ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಸ್ಕ್ಯಾನರ್ ಹಾಕಿದರೆ ಒಮ್ಮೆಲೇ ಆರೇಳು ಸೆನ್ಸರ್ ಕೆಟ್ಟಿವೆ ಅಂತ ತೋರಿಸುತ್ತದೆ. ತಿಳಿಯದವರು ಆರನ್ನೂ ಬದಲಾಯಿಸುತ್ತಾರೆ! ತಿಳಿದವರು ಮಲ್ಟಿಮೀಟರನ್ನು 5 ವೋಲ್ಟಿನ ಸಾಲಿಗೆ ಹಿಡಿದು ಒಂದೊಂದೇ ಸೆನ್ಸರಿನ ಪ್ಲಗ್ ಎಳೆಯುತ್ತಾರೆ. ಯಾವುದನ್ನು ಎಳೆದಾಗ 5 ವೋಲ್ಟ್ ವಾಪಸ್ ಬಂತೋ ಅದೇ ಕಳ್ಳ. ಯಾವುದನ್ನು ಎಳೆದರೂ ಬರದಿದ್ದರೆ ತಪ್ಪು ವೈರಿನಲ್ಲಿರಬಹುದು. ಬಲ್ಬಿನ ಜಾಗಕ್ಕೆ ಮೀಟರ್ ಬಂತು ಅಷ್ಟೆ.

ಇಷ್ಟು ಹೇಳಿದ ಮೇಲೆ ಒಂದು ಕಹಿ ವಿಷಯಕ್ಕೆ ಬರಬೇಕು. ಸ್ಕ್ಯಾನರ್ ಯಾರ ಕೈಯಲ್ಲಿದೆ? ಕೆಲವು ಕೆಲಸಗಳಿಗೆ, ಉದಾಹರಣೆಗೆ ಹೊಸ ಇಸಿಯು ಹಾಕಿ ಅದಕ್ಕೆ ಲಾರಿಯ ಪರಿಚಯ ಮಾಡಿಸಲು, ಕಂಪನಿಯ ಸಾಫ್ಟ್‌ವೇರೇ ಬೇಕು. ಅದು ಹೊರಗಿನವರಿಗೆ ಸುಲಭವಾಗಿ ಸಿಗುವುದಿಲ್ಲ. ಬಿಡಿಭಾಗ, ಪರೀಕ್ಷೆಯ ಉಪಕರಣ, ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಕೊಡದೆ ಕೂಡಿಹಾಕಿದ್ದಕ್ಕೆ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಅದು ಕಾರುಗಳ ವಿಷಯ, ಆದರೆ ಪ್ರಶ್ನೆ ಲಾರಿಗೂ ಅದೇ. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆಯಿತು, ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಮಾಲೀಕನಿಗೆ ಮಾಹಿತಿ ಕೊಡುವುದು ಒಂದು, ಮೂಲೆಯ ಅಂಗಡಿಯ ಉಸ್ತಾದರಿಗೆ ಉಪಕರಣ ಸಿಗುವುದು ಇನ್ನೊಂದು.

ಈ ಪ್ರಶ್ನೆಯನ್ನು ನಮ್ಮ ಓದುಗರ ಮುಂದೆ ಇಡಲು ಕಾರಣವಿದೆ. 2006ರ ಸಾಚಾರ್ ಸಮಿತಿಯ ವರದಿಯಲ್ಲಿ ಮುಸ್ಲಿಮರ ಪಾಲು ಹೆಚ್ಚಿರುವ ಕಸುಬುಗಳ ಮಾತು ಬಂದಾಗ ಬಟ್ಟೆ, ಬೀಡಿ, ಚಿಲ್ಲರೆ ವ್ಯಾಪಾರದ ಜೊತೆ ವಾಹನ ರಿಪೇರಿಯ ಹೆಸರೂ ಬರುತ್ತದೆ. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲೋ ಚೆನ್ನೈಯ ಪುದುಪೇಟೆಯಲ್ಲೋ ಒಂದು ಸುತ್ತು ಹಾಕಿದವರಿಗೆ ಅದನ್ನು ವರದಿ ಹೇಳಬೇಕಾಗಿಲ್ಲ. ಬೇರೆ ಸಮುದಾಯದ ಬಡ ಹುಡುಗರೂ ಇಲ್ಲಿ ಅಷ್ಟೇ ಬೆವರು ಹರಿಸಿದ್ದಾರೆ. ಇವರೆಲ್ಲರ ವಿದ್ಯೆಗೆ ಸರ್ಟಿಫಿಕೇಟ್ ಇಲ್ಲ. ಐಟಿಐಗಳಲ್ಲಿ ಆಟೋ ಇಲೆಕ್ಟ್ರಿಕಲ್ ಮತ್ತು ಇಲೆಕ್ಟ್ರಾನಿಕ್ಸ್ ಅಂತಲೇ ಒಂದು ಟ್ರೇಡ್ ಇದೆ. ಉಸ್ತಾದರ ಮಗನೋ ಮಗಳೋ ಅಲ್ಲಿಗೆ ಹೋಗಬಹುದು, ಆದರೆ ಅಲ್ಲಿ ಕಲಿಸುವವರು ಆ ಬಲ್ಬಿನ ಉಪಾಯವನ್ನು ಉಸ್ತಾದರಿಂದ ಕೇಳಿ ಬರೆದುಕೊಂಡರೆ ಇನ್ನೂ ಒಳ್ಳೆಯದು. ವಿದ್ಯಾರ್ಥಿಗಳೇ, ನಿಮ್ಮ ಬೀದಿಯ ಗ್ಯಾರೇಜಿಗೆ ಒಂದು ನೋಟ್ ಪುಸ್ತಕ ಹಿಡಿದುಕೊಂಡು ಹೋಗಿ. ಯಾವ ವರ್ಷ ಕೆಲಸಕ್ಕೆ ಸೇರಿದಿರಿ, ಮೊದಲು ಬಿಚ್ಚಿದ ಸೆಲ್ಫ್ ಯಾವ ಗಾಡಿಯದು, ಕಲಿಸಿದವರು ಯಾರು ಅಂತ ಕೇಳಿ.

ಹೋದಾಗ ಇದನ್ನೂ ನೋಡಿ ಬನ್ನಿ. ಹೊಸ ಲಾರಿಯ ಕಂಪ್ಯೂಟರುಗಳು ತಮ್ಮೊಳಗೆ ಮಾತಾಡಿಕೊಳ್ಳುವುದು ಹೆಣೆದ ಎರಡು ವೈರಿನ ಮೇಲೆ, ಇದಕ್ಕೆ ಕ್ಯಾನ್ ಅನ್ನುತ್ತಾರೆ, ಬಾಷ್ 1986ರಲ್ಲಿ ಹೊರತಂದದ್ದು. ಸಾಲಿನ ಎರಡು ತುದಿಗೆ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಬಿಚ್ಚಿ ಆ ಎರಡು ವೈರಿನ ನಡುವೆ ಮೀಟರ್ ಇಟ್ಟರೆ 60 ಬರಬೇಕು. 120 ಬಂದರೆ ಎಲ್ಲೋ ತುಂಡಾಗಿದೆ, ಸೊನ್ನೆಯ ಹತ್ತಿರ ಬಂದರೆ ಎರಡೂ ವೈರ್ ಕರಗಿ ಒಂದಕ್ಕೊಂದು ಅಂಟಿವೆ. ಸ್ಕ್ಯಾನರ್ ಮಾತಾಡದ ಲಾರಿಯನ್ನು ಮಾತಾಡಿಸುವ ಉಪಾಯ ಇದು, ಕೆಲವು ನೂರು ರೂಪಾಯಿಯ ಮೀಟರ್ ಸಾಕು. ಹಳೇ ಬಲ್ಬನ್ನು ಮಾತ್ರ ಈ ವೈರುಗಳಿಗೆ ತಾಗಿಸಬಾರದು, ಅದು ಎಳೆಯುವ ಕರೆಂಟಿಗೆ ಇಸಿಯುವೇ ಸುಟ್ಟುಹೋಗಬಹುದು. ಲೈಟು, ಹಾರ್ನು, ಫ್ಯಾನಿನ ಸಾಲಿಗೆ ಬಲ್ಬು ಇವತ್ತಿಗೂ ಆಗುತ್ತದೆ.